ತೋಳ ತಂದು ಬಿಟ್ಟ ಮೇಲೆ

1995ರ ಮಾರ್ಚ್‌ನಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಕ್ರಿಸ್ಟಲ್ ಕ್ರೀಕ್ ಆವರಣದ ಗೇಟು ತೆರೆದಿಟ್ಟು ಕಾದರು. ಒಳಗಿದ್ದ ತೋಳಗಳು ಹೊರಬರಲಿಲ್ಲ. ಕೆನಡಾದ ಆಲ್ಬರ್ಟಾದಿಂದ ತಂದು, ಹೊಸ ನೆಲಕ್ಕೆ ಹೊಂದಿಕೊಳ್ಳಲೆಂದು ಸುಮಾರು ಹತ್ತು ವಾರ ತಂತಿಬೇಲಿಯೊಳಗೆ ಇಟ್ಟಿದ್ದ ಪ್ರಾಣಿಗಳವು. ಮಾಂಸ ಹಾಕಲು ಮನುಷ್ಯರು ಬಂದುಹೋಗುತ್ತಿದ್ದದ್ದು ಅದೇ ಗೇಟಿನಿಂದ. ಹಾಗಾಗಿ ಅವು ಆ ಕಡೆಗೆ ಸುಳಿಯಲೇ ಇಲ್ಲ. ಕೊನೆಗೆ ಬೇಲಿಯನ್ನು ಬೇರೊಂದು ಕಡೆ ಕತ್ತರಿಸಿ ದಾರಿ ಮಾಡಿಕೊಡಬೇಕಾಯಿತು.

ವರ್ಷಗಟ್ಟಲೆ ಯೋಜನೆ ಹಾಕಿದವರಿಗೂ ಗೇಟಿನ ವಿಷಯ ಮೊದಲೇ ಹೊಳೆದಿರಲಿಲ್ಲ. ಆದರೆ ಅವರು ತೋಳಗಳನ್ನು ಗಮನಿಸುತ್ತಾ ಸ್ಥಳದಲ್ಲೇ ಇದ್ದರು, ಕಂಡದ್ದಕ್ಕೆ ತಕ್ಕಂತೆ ಕ್ರಮ ಬದಲಿಸಿದರು. ಕಣ್ಮರೆಯಾದ ಬೇಟೆಗಾರ ಪ್ರಾಣಿಯನ್ನು ಮತ್ತೆ ತಂದು ಬಿಡುವ ಪ್ರಯೋಗಗಳನ್ನು ಅಳೆಯಬೇಕಾದದ್ದು ಈ ಗುಣದಿಂದಲೇ ಎಂಬುದು ನನ್ನ ವಾದ. ಎಷ್ಟು ತೋಳ ಬಿಟ್ಟರು, ಎಷ್ಟು ಮರಿ ಹುಟ್ಟಿದವು ಎಂಬ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಿಟ್ಟ ಮೇಲೆ ಯಾರು, ಎಷ್ಟು ಕಾಲ, ಎಂಥ ಸಿದ್ಧತೆಯೊಂದಿಗೆ ಜತೆಗಿದ್ದರು ಎಂಬುದು ಉಳಿದರ್ಧ.

ಜೀವವಿಜ್ಞಾನದ ದೃಷ್ಟಿಯಿಂದ ಯೆಲ್ಲೊಸ್ಟೋನ್ ಪ್ರಯೋಗ ಗೆದ್ದಿದೆ, ಅದರಲ್ಲಿ ಸಂಶಯವಿಲ್ಲ. 1926ರ ಹೊತ್ತಿಗೆ ಉದ್ಯಾನದಲ್ಲಿ ತೋಳಗಳನ್ನು ಸರ್ಕಾರವೇ ಮುಂದೆ ನಿಂತು ನಿರ್ಮೂಲ ಮಾಡಿಸಿತ್ತು. 1995ರಲ್ಲಿ 14, ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17 ತೋಳಗಳನ್ನು ತಂದರು. ಪಕ್ಕದ ಐಡಾಹೊದಲ್ಲಿ ಆವರಣದ ಗೊಡವೆಯಿಲ್ಲದೆ 35 ತೋಳಗಳನ್ನು ನೇರವಾಗಿ ಕಾಡಿಗೆ ಬಿಟ್ಟರು. ಎರಡೂ ಕಡೆ ಅವು ಬೇರೂರಿದವು. ತೋಳ ಗಟ್ಟಿ ಪ್ರಾಣಿ. ಬೇಟೆ ಸಿಕ್ಕಿ, ಗುಂಡು ತಪ್ಪಿದರೆ ಬದುಕಿಕೊಳ್ಳುತ್ತದೆ.

ಈ ಗೆಲುವಿಗೆ ಆಡಳಿತದ ಮುನ್ನೆಚ್ಚರಿಕೆಯೂ ಕಾರಣ. ಪರಿಸರ ಪರಿಣಾಮ ವರದಿಯ ಕುರಿತು ಸಾರ್ವಜನಿಕರಿಂದ ಬಂದ ಅಭಿಪ್ರಾಯಗಳು ಸುಮಾರು 1,60,000. ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಈ ತೋಳಗಳಿಗೆ 'ಪ್ರಾಯೋಗಿಕ' ಎಂಬ ಸಡಿಲ ಸ್ಥಾನ ಕೊಟ್ಟರು. ತನ್ನ ಜಮೀನಿನಲ್ಲಿ ದನದ ಮೇಲೆ ಎರಗಿದ ತೋಳವನ್ನು ಮಾಲೀಕ ಕೊಲ್ಲಬಹುದಿತ್ತು. ಹಲವು ವನ್ಯಜೀವಿಪ್ರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೂ ದನ ಸಾಕುವವರ ಕೈಯನ್ನು ಪೂರ್ತಿ ಕಟ್ಟಿಹಾಕದ ಈ ನಿಯಮವೇ ಯೋಜನೆಯನ್ನು ಉಳಿಸಿತು ಎಂದು ನಾನು ನಂಬುತ್ತೇನೆ.

ಯೆಲ್ಲೊಸ್ಟೋನ್ ಕತೆ ಕೆಟ್ಟದ್ದು ಅದರ ಪ್ರಚಾರದಲ್ಲಿ. ತೋಳ ಬಂತು, ಎಲ್ಕ್ ಕಡವೆಗಳು ಹೆದರಿದವು, ಹೊಳೆದಂಡೆಯ ವಿಲೋ ಗಿಡಗಳು ಚಿಗುರಿದವು, ಕೊನೆಗೆ ನದಿಯ ಪಾತ್ರವೇ ಬದಲಾಯಿತು ಎಂಬ ವಿಡಿಯೊವನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ನೋಡಿದ್ದಾರೆ. ಇದರಲ್ಲಿ ನಿಜವೂ ಇದೆ. 1994ರಲ್ಲಿ ಸುಮಾರು 19,000 ಇದ್ದ ಉತ್ತರ ಭಾಗದ ಎಲ್ಕ್ ಹಿಂಡು, 2013ರ ಹೊತ್ತಿಗೆ 4,000ದ ಸುಮಾರಿಗೆ ಇಳಿಯಿತು. ಕೆಲವು ಕಡೆ ವಿಲೋ ಎತ್ತರಕ್ಕೆ ಬೆಳೆಯಿತು. ಆದರೆ ಎಲ್ಕ್ ಇಳಿಕೆಯಲ್ಲಿ ಕರಡಿ, ಕೂಗರ್, ಬರ, ಉದ್ಯಾನದ ಹೊರಗೆ ಮನುಷ್ಯರು ಆಡಿದ ಬೇಟೆ ಎಲ್ಲಕ್ಕೂ ಪಾಲಿದೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ದಶಕ ನಡೆಸಿದ ಪ್ರಯೋಗ ಇನ್ನೊಂದು ಕಹಿ ಸತ್ಯ ತೋರಿಸಿತು. ತೋಳವಿಲ್ಲದ ಕಾಲದಲ್ಲಿ ಬೀವರ್‌ಗಳು ಹೋದವು, ಅವು ಕಟ್ಟುತ್ತಿದ್ದ ಒಡ್ಡುಗಳು ಹೋದವು, ತೊರೆಗಳು ನೆಲ ಕೊರೆದು ಆಳಕ್ಕಿಳಿದವು, ಅಂತರ್ಜಲ ಕುಸಿಯಿತು. ಬೇರಿಗೆ ನೀರೇ ಎಟುಕದಿದ್ದರೆ, ಮೇಯುವ ಎಲ್ಕ್ ಕಡಿಮೆಯಾದರೂ ವಿಲೋ ಚೇತರಿಸಿಕೊಳ್ಳುವುದು ಕಷ್ಟ.

ಬೇಟೆಗಾರ ಪ್ರಾಣಿಯನ್ನು ಕಳೆದುಕೊಳ್ಳದಂತೆ ಕಾಯುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಅದನ್ನು ಬಿಟ್ಟು ತೋಳವನ್ನು ಪವಾಡಪುರುಷನನ್ನಾಗಿ ಮಾಡಿದ್ದರಿಂದ, ತಂದು ಬಿಟ್ಟರೆ ಸಾಕು, ಮಿಕ್ಕದ್ದು ತಾನೇ ಸರಿಹೋಗುತ್ತದೆ ಎಂಬ ಅಪಾಯಕಾರಿ ನಂಬಿಕೆ ಹುಟ್ಟಿತು.

ಆ ನಂಬಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಅಮೆರಿಕದ ಕೊಲೊರಾಡೊ ರಾಜ್ಯ ತೋರಿಸಿತು. ಅಲ್ಲಿ ತೋಳಗಳ ಭವಿಷ್ಯ ಮತಪೆಟ್ಟಿಗೆಗೆ ಹೋಯಿತು. 2020ರ ನವೆಂಬರ್‌ನಲ್ಲಿ, ತೋಳಗಳನ್ನು ಮರಳಿ ತರಬೇಕೆಂಬ 'ಪ್ರಸ್ತಾವ 114'ಕ್ಕೆ ಶೇ 51ಕ್ಕೂ ತುಸು ಕಡಿಮೆ ಮತ ಬಿದ್ದು ಅದು ಗೆದ್ದಿತು. ಮತದ ಬಲ ಬಂದದ್ದು ಹೆಚ್ಚಾಗಿ ಡೆನ್ವರ್, ಬೌಲ್ಡರ್‌ನಂಥ ಪೂರ್ವದ ನಗರಗಳಿಂದ. ತೋಳಗಳನ್ನು ಬಿಡಬೇಕಿದ್ದದ್ದು ಪರ್ವತದಾಚೆಯ ಪಶ್ಚಿಮದಲ್ಲಿ, ದನಗಾಹಿಗಳ ನೆಲದಲ್ಲಿ. 2023 ಮುಗಿಯುವುದರೊಳಗೆ ಬಿಡಲೇಬೇಕೆಂದು ಕಾನೂನೇ ಗಡುವು ಹಾಕಿತ್ತು. ಆ ಡಿಸೆಂಬರ್‌ನಲ್ಲಿ ಆರೆಗನ್‌ನಿಂದ ಹತ್ತು ತೋಳಗಳು ಬಂದವು. ಅವುಗಳಲ್ಲಿ ಕೆಲವು ದನ ಕೊಂದ ಇತಿಹಾಸವಿದ್ದ ಹಿಂಡಿನವು.

ಮುಂದಿನದ್ದನ್ನು ಊಹಿಸಲು ವಿಜ್ಞಾನ ಬೇಕಿರಲಿಲ್ಲ. 2024ರ ವಸಂತದಲ್ಲಿ ಗ್ರ್ಯಾಂಡ್ ಕೌಂಟಿಯಲ್ಲಿ ಕರುಗಳು ಸಾಯತೊಡಗಿದವು. ಅಷ್ಟರಲ್ಲಿ ತೋಳದ ಒಂದು ಜೋಡಿಗೆ ಮರಿಗಳಾದವು. ಕೊಲ್ಲಲು ಅನುಮತಿ ಕೇಳಿದ ರೈತರಿಗೆ ಅದು ಸಿಗಲಿಲ್ಲ. ಆಗಸ್ಟ್ ಕೊನೆಯಲ್ಲಿ ಅಧಿಕಾರಿಗಳು ಆ ಜೋಡಿಯ ಕುಟುಂಬವಾದ 'ಕಾಪರ್ ಕ್ರೀಕ್' ಹಿಂಡನ್ನು ಹಿಡಿಯತೊಡಗಿದರು. ಗಂಡು ತೋಳ ಸೆರೆಯಲ್ಲೇ ಸತ್ತಿತು. ತಾಯಿ ಮತ್ತು ನಾಲ್ಕು ಮರಿಗಳನ್ನು 2025ರ ಜನವರಿಯಲ್ಲಿ ಪಿಟ್ಕಿನ್ ಕೌಂಟಿಯಲ್ಲಿ ಬಿಟ್ಟರು. ಅಲ್ಲಿಯೂ ದನಗಳು ಸತ್ತವು. ಮೇ ತಿಂಗಳಲ್ಲಿ ಆ ಮರಿಗಳಲ್ಲೊಂದನ್ನು ಅಧಿಕಾರಿಗಳೇ ಗುಂಡಿಟ್ಟು ಕೊಂದರು. ದನ ಕೊಲ್ಲುವ ತೋಳವನ್ನು ರಾಜ್ಯದೊಳಗೆ ಬೇರೆಡೆ ಬಿಡುವುದೆಂದರೆ ಸಮಸ್ಯೆಯನ್ನೇ ಸ್ಥಳಾಂತರಿಸಿದಂತೆ ಎಂದು ರಾಜ್ಯದ ತೋಳ ನಿರ್ವಹಣಾ ಯೋಜನೆಯೇ ಬರೆದಿತ್ತು. ಒತ್ತಡದ ಹೊತ್ತಿನಲ್ಲಿ ತಾನೇ ಬರೆದ ಮಾತನ್ನು ಸರ್ಕಾರ ಮೀರಿತು. ಈ ಇಡೀ ಪ್ರಕರಣದಲ್ಲಿ ಕ್ಷಮೆಗೆ ಅರ್ಹವಲ್ಲದ ತಪ್ಪು ಇದೊಂದೇ.

ಈ ಪಾಠ ನಮಗೂ ಹೊಸದಲ್ಲ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟ ಕ್ರಮವನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ, ಮನುಷ್ಯರ ಮೇಲಿನ ದಾಳಿ ತಗ್ಗುವ ಬದಲು ಹೆಚ್ಚಿದ್ದು ಕಂಡಿತು. ಆದರೂ ನಮ್ಮಲ್ಲಿ ಚಿರತೆ ಕಂಡ ಕೂಡಲೇ ಬೋನು ಇಡಿ ಎಂಬ ಕೂಗು ಏಳುತ್ತದೆ, ಹಿಡಿದದ್ದು ಇನ್ನೊಂದು ಊರಿನ ಅಂಚಿಗೆ ಹೋಗುತ್ತದೆ.

ಹಾಗಾದರೆ ತೋಳವನ್ನು ತರಲೇಬಾರದಿತ್ತೆ? ತಾನಾಗಿ ಬರುವವರೆಗೆ ಕಾಯಬೇಕಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ವಯೋಮಿಂಗ್ ಕಡೆಯಿಂದ ತೋಳಗಳು ಕೊಲೊರಾಡೊಗೆ ಕಾಲಿಡತೊಡಗಿದ್ದವು; 2021ರಲ್ಲಿ ಅಲ್ಲಿ ಮರಿಗಳೂ ಹುಟ್ಟಿದ್ದವು. ಆದರೆ ಯಾರೂ ತರದೆ ತೋಳ ಮರಳಿದ ಜರ್ಮನಿಯಲ್ಲೂ ಜಗಳ ತಪ್ಪಿಲ್ಲ. ಕುರಿ ಕಳೆದುಕೊಂಡವನಿಗೆ ತೋಳ ಲಾರಿಯಲ್ಲಿ ಬಂತೋ ನಡೆದು ಬಂತೋ ಎಂಬುದರಿಂದ ನಷ್ಟದಲ್ಲಿ ವ್ಯತ್ಯಾಸವಾಗದು. ಮನುಷ್ಯನೇ ಅಳಿಸಿದ ಜೀವಿಯನ್ನು ಮರಳಿ ತರುವುದು ಮನುಷ್ಯನ ಕರ್ತವ್ಯ ಎಂಬ ನಿಲುವಿನಲ್ಲಿ ನಾನು ಕದಲುವುದಿಲ್ಲ. ಆ ಕರ್ತವ್ಯದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ಪ್ರಶ್ನೆ.

ಇಲ್ಲಿ ಕೊಲೊರಾಡೊ ಒಂದು ಒಳ್ಳೆಯ ಮಾದರಿಯನ್ನೂ ಕೊಟ್ಟಿದೆ. ಒಂದು ಜಾನುವಾರಿಗೆ 15,000 ಡಾಲರ್‌ವರೆಗೆ ಪರಿಹಾರವಿದೆ. ತೋಳದ ಕಾಟಕ್ಕೆ ಹೆದರಿ ಸರಿಯಾಗಿ ಮೇಯದೆ ಕರುಗಳ ತೂಕ ಇಳಿದರೆ, ಹಸುಗಳು ಗಬ್ಬ ಕಟ್ಟದಿದ್ದರೆ, ಆ ನಷ್ಟವನ್ನೂ ಕೇಳಬಹುದು. ಹೆಣ ಸಿಕ್ಕರಷ್ಟೇ ನಷ್ಟ ಎಂಬ ಹಳೆಯ ಲೆಕ್ಕಾಚಾರವನ್ನು ಇದು ಮುರಿಯುತ್ತದೆ. ಆದರೆ ಸತ್ತ ದನಗಳನ್ನು ಬೇಗ ವಿಲೇವಾರಿ ಮಾಡುವುದು, ಹಿಂಡಿನ ಜತೆ ರಾತ್ರಿ ಕುದುರೆ ಸವಾರರನ್ನು ಕಾವಲಿಡುವುದು, ಯಾವ ಹಂತದಲ್ಲಿ ತೋಳವನ್ನು ಕೊಲ್ಲಲಾಗುವುದು ಎಂದು ಮೊದಲೇ ಸ್ಪಷ್ಟಪಡಿಸುವುದು ತೋಳ ಇಳಿಯುವ ಮುನ್ನವೇ ಗಟ್ಟಿಯಾಗಬೇಕಿದ್ದ ಕೆಲಸಗಳು. ಅವು ಆದದ್ದು ಕರುಗಳು ಸತ್ತ ಮೇಲೆ.

ಕೊಪ್ಪಳದ ಬಂಕಾಪುರದಂಥ ಕುರುಚಲು ನೆಲದಲ್ಲಿ ನಮ್ಮ ತೋಳಗಳು ಇನ್ನೂ ಇವೆ, ಅವನ್ನು ಯಾರೂ ತಂದು ಬಿಟ್ಟದ್ದಲ್ಲ. ಕುರಿಗಾಹಿಗಳ ಸಹನೆಯ ಮೇಲೆ ಅವು ಬದುಕಿವೆ. ತೋಳ ಉಳಿಯಲಿ ಎಂದು ನಗರದಲ್ಲಿ ಕೂತು ಬಯಸುವ ನಾವೆಲ್ಲ ಆ ಸಹನೆಯ ಖರ್ಚಿನಲ್ಲಿ ಪಾಲು ಹೊರಬೇಕು. ಪಾಲು ಹೊರಲು ಸಿದ್ಧವಿಲ್ಲದವರಿಗೆ ಪಿಟ್ಕಿನ್‌ನಲ್ಲಾಗಲಿ ಕೊಪ್ಪಳದಲ್ಲಾಗಲಿ ತೋಳದ ಪರವಾಗಿ ಮತ ಹಾಕುವ ನೈತಿಕ ಹಕ್ಕಿಲ್ಲ.