ನಡುವಿನ ತಲೆಮಾರು ಎಲ್ಲಿ ಹೋಯಿತು?

ಬರೆಯುವವನ ಕೈ ನಿಂತುಹೋಗುವುದನ್ನು ನಮ್ಮ ಸಾಹಿತ್ಯದ ದೊಡ್ಡವರು ಒಂದು ಪವಿತ್ರ ಕಾಯಿಲೆ ಮಾಡಿ ಇಟ್ಟಿದ್ದಾರೆ. ಸ್ಫೂರ್ತಿ ಬತ್ತಿತು ಅಂತಾರೆ, ಸೃಜನಶೀಲ ಬಿಕ್ಕಟ್ಟು ಅಂತಾರೆ, ಲೇಖಕನ ಮೌನಕ್ಕೂ ಒಂದು ಅರ್ಥ ಇದೆ ಅಂತಾರೆ. ಕೂಲಿಯವನ ಕೈ ನಿಂತರೆ ಆವತ್ತು ಸಂಜೆ ಒಲೆ ಹತ್ತೋದಿಲ್ಲ. ಸಾಹಿತಿಯ ಕೈ ನಿಂತರೆ ಅದಕ್ಕೊಂದು ವಿಚಾರ ಸಂಕಿರಣ!

ಈ ಠೇಂಕಾರವನ್ನು ಪಕ್ಕಕ್ಕಿಡೋಣ. ಆದರೆ ಪ್ರಶ್ನೆಯನ್ನು ಪಕ್ಕಕ್ಕಿಡುವ ಹಾಗಿಲ್ಲ. ಶಾಲೆ ಮುಗಿಸಿ, ಸಭೆ ಮುಗಿಸಿ, ರಾತ್ರಿ ಕೂತು ಬರೆಯುವ ನಮ್ಮ ಗೆಳೆಯರೂ ನಿಂತುಹೋಗುತ್ತಾರೆ. ಅಜ್ಜನ ಕಾಲದ ಕಥೆ ಒಂದೇ ಉಸಿರಿಗೆ ಬರುತ್ತದೆ. ಅಪ್ಪನ ಕಾಲಕ್ಕೆ ಬಂದಾಗ ಕೈ ಏಳುವುದಿಲ್ಲ. ಯಾಕೆ ಹೀಗೆ?

ಉಳುವಾಗ ನೇಗಿಲು ಗಕ್ಕನೆ ನಿಂತರೆ ಎತ್ತಿಗೆ ಬಾರಿಸುವವನು ಒಬ್ಬ. ಬಗ್ಗಿ, ಗುಳಕ್ಕೆ ಯಾವ ಬೇರು ಸಿಕ್ಕಿಕೊಂಡಿದೆ ಅಂತ ನೋಡುವವನು ಇನ್ನೊಬ್ಬ. ನಾವು ಎರಡನೆಯವನಾಗೋಣ. ನಮ್ಮದೇ ಮನೆಯ ಜಗಳ ಮಾಡಿಕೊಳ್ಳದೆ ನೋಡಲು ಸಾಧ್ಯವಾಗಲಿ ಅಂತ ದೂರದ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ: ನೈಜೀರಿಯಾದ ಚಿನುವಾ ಅಚಿಬೆ.

ಅಚಿಬೆ ಮೊದಲು ಹೊರಟಿದ್ದು ಒಂದೇ ಪುಸ್ತಕದಲ್ಲಿ ಮೂರು ತಲೆಮಾರಿನ ಕಥೆ ಹೇಳುವುದಕ್ಕೆ. ಅಜ್ಜ ಒಕೊಂಕ್ವೊ, ಮಗ ನ್ವೋಯೆ, ಮೊಮ್ಮಗ ಓಬಿ. ಬರೆದು ನೋಡಿದಾಗ ಅದು ತೆಳುವಾಯಿತು ಅನ್ನಿಸಿ ಕತ್ತರಿಸಿದ. ಅಜ್ಜನ ಕಥೆ 1958ರಲ್ಲಿ 'ಥಿಂಗ್ಸ್ ಫಾಲ್ ಅಪಾರ್ಟ್' ಆಗಿ ಬಂತು. ಮೊಮ್ಮಗನ ಕಥೆ 1960ರಲ್ಲಿ 'ನೋ ಲಾಂಗರ್ ಅಟ್ ಈಸ್' ಆಗಿ ಬಂತು. ನಡುವಿನ ಮಗನಿಗೆ ಅಂತ ಒಂದು ಪುಸ್ತಕ ಬರಲೇ ಇಲ್ಲ. ಮೂರನೆಯದಾಗಿ 1964ರಲ್ಲಿ 'ಆರೋ ಆಫ್ ಗಾಡ್' ಬಂತು. ಆದರೆ ಅದು ಎಜೂಲು ಎಂಬ ಬೇರೆ ಊರಿನ ಪೂಜಾರಿಯ ಕಥೆ. ವಿಮರ್ಶಕರು ಈ ಮೂರನ್ನೂ ಸೇರಿಸಿ ತ್ರಿವಳಿ ಅಂತ ಕರೆದು ಕೈತೊಳೆದುಕೊಂಡರು. ನಡುವೆ ಒಂದು ಕುಣಿ ಉಳಿದಿದೆ ಅನ್ನೋದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

ಆ ಕುಣಿಯಲ್ಲಿ ಏನಿದೆ? ಇಲ್ಲಿ ನಾವು ಸ್ವಲ್ಪ ಕಣ್ಣು ಬಿಟ್ಟು ನೋಡಬೇಕು. ಇದು ನಮಗೆ ಚೆನ್ನಾಗಿ ಗೊತ್ತಿರುವ ಜಾಗ.

ಅಚಿಬೆಯ ಜನ ಇಗ್ಬೊಗಳು. ಅವರಲ್ಲಿ 'ಓಸು' ಅಂತ ಒಂದು ಗುಂಪು ಇದೆ. ಎಂದೋ ಒಂದು ಕಾಲಕ್ಕೆ ದೇವರಿಗೆ ಬಿಟ್ಟವರು, ಅವರ ಮಕ್ಕಳು, ಮೊಮ್ಮಕ್ಕಳು. ಅವರು ದೇವಸ್ಥಾನದ ಪಕ್ಕ ಬೇರೆ ವಾಸ ಮಾಡಬೇಕಿತ್ತು. ತಲೆಕೂದಲು ಕತ್ತರಿಸುವ ಹಾಗಿರಲಿಲ್ಲ. ಊರಿನವರು ಅವರಿಂದ ಹೆಣ್ಣು ತರುವುದಿಲ್ಲ, ಅವರಿಗೆ ಹೆಣ್ಣು ಕೊಡುವುದಿಲ್ಲ. ಸತ್ತರೆ ಊರಿನ ಮಣ್ಣಿರಲಿಲ್ಲ, ಕೆಟ್ಟ ಕಾಡಿನಲ್ಲಿ ಹೂಳಬೇಕಿತ್ತು. ಹೆಸರು ಬೇರೆ, ಕೇರಿ ಅದೇ! ನಮ್ಮಲ್ಲಿ ಸಂವಿಧಾನದ 17ನೇ ವಿಧಿ 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಹಾಗೆ ಅಲ್ಲೂ ಪೂರ್ವ ಪ್ರಾಂತದ ಶಾಸನಸಭೆ 1956ರಲ್ಲಿ ಓಸು ಪದ್ಧತಿಯನ್ನು ರದ್ದು ಮಾಡಿ ಕಾನೂನು ತಂದಿತು. ಕಾನೂನು ಬಂದ ಮೇಲೆ ಏನಾಯಿತು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ಕಾದಂಬರಿಯಲ್ಲಿ ಇಬ್ಬರು ಓಸುಗಳು ಇಗರ್ಜಿಯೊಳಗೆ ಕಾಲಿಡುತ್ತಾರೆ. ಹೊಸದಾಗಿ ಕ್ರೈಸ್ತರಾದವರೇ ಎದ್ದು ಗಲಾಟೆ ಮಾಡುತ್ತಾರೆ. ಅಲ್ಲಿನ ಉಪದೇಶಿ ಬಗ್ಗುವುದಿಲ್ಲ, ದೇವರ ಮುಂದೆ ಎಲ್ಲರೂ ಒಂದೇ ಅನ್ನುತ್ತಾನೆ. ಆ ಓಸುಗಳು ಜಡೆಗಟ್ಟಿದ ತಲೆಯನ್ನು ಬೋಳಿಸಿಕೊಂಡು ಬಂದು ಕೂರುತ್ತಾರೆ. ಒಕೊಂಕ್ವೊನ ಮಗ ನ್ವೋಯೆ ಅಪ್ಪನನ್ನು ಬಿಟ್ಟು ಸೇರಿದ್ದೂ ಇದೇ ಧರ್ಮಕ್ಕೆ. ಅವನು ಐಸಾಕ್ ಆಗುತ್ತಾನೆ.

ಈಗ ಎರಡನೆಯ ಕಾದಂಬರಿಗೆ ಬನ್ನಿ. ಅದೇ ಐಸಾಕ್ ಮುದುಕನಾಗಿದ್ದಾನೆ. ಊರಿನವರ ಸಂಘ ಕೊಟ್ಟ 800 ಪೌಂಡ್ ಸಾಲದಲ್ಲಿ ಇಂಗ್ಲೆಂಡಿಗೆ ಹೋಗಿ ಓದಿಬಂದ ಮಗ ಓಬಿ, ನರ್ಸ್ ಆಗಿರುವ ಕ್ಲಾರಾಳನ್ನು ಮದುವೆಯಾಗುತ್ತೇನೆ ಅನ್ನುತ್ತಾನೆ. ಕ್ಲಾರಾ ಓಸು. ಬೈಬಲ್ ಓದಿ ಬದುಕು ಕಳೆದ ಅಪ್ಪ ಆಗುವುದಿಲ್ಲ ಅನ್ನುತ್ತಾನೆ. ಜನರ ಮನಸ್ಸಿನಲ್ಲಿ ಅದು ಕುಷ್ಠದ ಹಾಗೆ ಅಂತ ಬೈಬಲಿನಿಂದಲೇ ಉದಾಹರಣೆ ಕೊಡುತ್ತಾನೆ. ತಾಯಿ, ನಾನು ಸತ್ತ ಮೇಲೆ ಬೇಕಾದರೆ ಕಟ್ಟಿಕೋ, ಬದುಕಿರುವಾಗ ಕಟ್ಟಿಕೊಂಡರೆ ನನ್ನ ರಕ್ತ ನಿನ್ನ ತಲೆ ಮೇಲೆ ಅನ್ನುತ್ತಾಳೆ. ಓಬಿ ಕುಸಿಯುತ್ತಾನೆ. ಕ್ಲಾರಾ ಗರ್ಭ ತೆಗೆಸಿಕೊಂಡು ಕಥೆಯಿಂದಲೇ ಹೊರಟುಹೋಗುತ್ತಾಳೆ. ಅವಳ ಮುಂದಿನ ಬದುಕು ಏನಾಯಿತು? ಕಾದಂಬರಿ ಹೇಳುವುದಿಲ್ಲ.

ಹಾಗಾದರೆ ಓಸುಗಳಿಗೆ ಬಾಗಿಲು ತೆರೆದ ಧರ್ಮ ಸೇರಿದ ಆ ಹುಡುಗ, ಓಸು ಸೊಸೆಗೆ ಬಾಗಿಲು ಹಾಕುವ ಈ ಮುದುಕ ಹೇಗಾದ? ಯಾವ ವರ್ಷ, ಯಾವ ಲಾಭಕ್ಕೆ, ಯಾರ ಭಯಕ್ಕೆ ಹಾಗಾದ? ಇದೇ ಬರೆಯದೆ ಉಳಿದ ಪುಸ್ತಕ. ದೇವರ ಮುಂದೆ ಒಂದಾದವರು ಮದುವೆಯ ಚಪ್ಪರದಲ್ಲಿ ಯಾಕೆ ಒಂದಾಗುವುದಿಲ್ಲ? ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಕೈಯಿಟ್ಟದ್ದು ಈ ಗಾಯದ ಮೇಲೆಯೇ. ಸಹಭೋಜನ ಸಾಲದು, ರಕ್ತ ಬೆರೆಯಬೇಕು ಅಂದರು.

ಅಚಿಬೆಯ ಅಪ್ಪ ಇಗರ್ಜಿಯ ಉಪದೇಶಿ. ಬರೆಯದೆ ಬಿಟ್ಟ ತಲೆಮಾರು ಅಪ್ಪನ ತಲೆಮಾರು. ಬಿಳಿಯನನ್ನು ಪ್ರಶ್ನಿಸುವುದು ಅವನಿಗೆ ಸಾಧ್ಯವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಕುರ್ಚಿ ಹಿಡಿದ ಕರಿಯ ಮಂತ್ರಿಗಳನ್ನೂ 1966ರ 'ಎ ಮ್ಯಾನ್ ಆಫ್ ದಿ ಪೀಪಲ್'ನಲ್ಲಿ ಬಿಡಲಿಲ್ಲ. ಮನೆಯ ಜಗಲಿ ಮೇಲೆ ಪ್ರೀತಿಯಿಂದ ಬೈಬಲ್ ಓದುತ್ತಾ ಕೂತ ಅಪ್ಪನನ್ನು ಪ್ರಶ್ನಿಸುವುದು ಅದಕ್ಕಿಂತ ಕಷ್ಟ. ನೇಗಿಲು ನಿಂತದ್ದು ಈ ಬೇರಿಗೆ ಅಂತ ನನ್ನ ಓದು. ಅಚಿಬೆಯ ಮೇಲೆ ಇದನ್ನು ಆರೋಪಪಟ್ಟಿಯಾಗಿ ಹೊರಿಸುತ್ತಿಲ್ಲ. ತನ್ನ ಜನರ ಮುಖಕ್ಕೆ ಹಿಡಿದು 1960ರಲ್ಲೇ ಕ್ಲಾರಾಳ ಅವಮಾನ ಬರೆದವನು ಅವನು. ಕನ್ನಡಿ ಹಿಡಿದವನಿಗೂ ತನ್ನ ಬೆನ್ನು ಕಾಣುವುದಿಲ್ಲ, ಅಷ್ಟೇ.

1966ರ ನಂತರ ಕಾದಂಬರಿಯೇ ನಿಂತಿತು, 21 ವರ್ಷ. ಅದಕ್ಕೆ ಬೇರೆ ಕಾರಣವೂ ಇತ್ತು. 1967ರಿಂದ 1970ರವರೆಗೆ ಬಯಾಫ್ರಾ ಯುದ್ಧ. ಹಸಿವಿನಿಂದ ಮಕ್ಕಳು ಸತ್ತರು. ಗೆಳೆಯ, ಕವಿ ಕ್ರಿಸ್ಟೋಫರ್ ಒಕಿಗ್ಬೊ ಯುದ್ಧದಲ್ಲಿ ಸತ್ತ. ಅಂಥ ಹೊತ್ತಲ್ಲಿ ದೊಡ್ಡ ಕಾದಂಬರಿ ಎಲ್ಲಿಂದ ಬರಬೇಕು? ಆದರೆ ಅಚಿಬೆ ಕೈಕಟ್ಟಿ ಕೂರಲಿಲ್ಲ. ಪದ್ಯ ಬರೆದ, ಸಣ್ಣಕಥೆ ಬರೆದ, ಮಕ್ಕಳ ಕಥೆ ಬರೆದ. 1971ರಲ್ಲಿ 'ಒಕಿಕೆ' ಎಂಬ ಸಾಹಿತ್ಯ ಪತ್ರಿಕೆ ಹುಟ್ಟುಹಾಕಿ ಬೇರೆಯವರ ಬರಹಕ್ಕೆ ಜಾಗ ಮಾಡಿದ. 1983ರಲ್ಲಿ ದೇಶದ ನಾಯಕತ್ವವನ್ನು ನೇರ ಜರೆಯುವ ಸಣ್ಣ ಪುಸ್ತಕ ಬರೆದ. ಇದನ್ನೆಲ್ಲ ಮೌನ ಅನ್ನುವವರು ಕಾದಂಬರಿ ಒಂದನ್ನೇ ಸಾಹಿತ್ಯ ಅಂದುಕೊಂಡವರು.

1987ರಲ್ಲಿ 'ಆಂಟ್‌ಹಿಲ್ಸ್ ಆಫ್ ದಿ ಸವಾನ್ನಾ' ಬಂದಾಗ ಅದರ ಕಟ್ಟೇ ಬದಲಾಗಿತ್ತು. ಎಲ್ಲ ಬಲ್ಲ ಒಬ್ಬನೇ ಕಥೆಗಾರನ ಯಜಮಾನಿಕೆ ಮುರಿದಿತ್ತು. ಬೇರೆ ಬೇರೆಯವರು ಕಥೆ ಹೇಳುತ್ತಾರೆ, ಅವರಲ್ಲಿ ಬಿಯಾಟ್ರಿಸ್ ಎಂಬ ಹೆಂಗಸೂ ಇದ್ದಾಳೆ. ಕೊನೆಗೆ ಅಂಗಡಿಯಲ್ಲಿ ದುಡಿಯುವ ಎಲೆವಾ ಹೆತ್ತ ಹೆಣ್ಣುಮಗುವಿಗೆ ಗಂಡುಮಗುವಿನ ಹೆಸರಿಡುತ್ತಾರೆ. ಹೆಸರಿಡುವುದು ಗಂಡಸರ ಹಕ್ಕು ಅನ್ನೋದು ಅಲ್ಲಿಗೆ ಮುರಿಯಿತು. ನಿಂತ ಕೈ ಎದ್ದದ್ದು ಸ್ಫೂರ್ತಿ ಇಳಿದು ಬಂದದ್ದರಿಂದ ಅಲ್ಲ, ಮಾತಾಡುವ ಬಾಯಿ ಬದಲಾದದ್ದರಿಂದ.

ಆದರೂ ಐಸಾಕನ ಪುಸ್ತಕ ಹಾಗೇ ಉಳಿಯಿತು. 2013ರಲ್ಲಿ ಅಚಿಬೆ ತೀರಿಕೊಂಡ. ಹೆಂಗಸಿನ ಬಾಯಿ ತೆರೆಯಿತು, ಓಸುವಿನ ಬಾಯಿ ತೆರೆಯಲಿಲ್ಲ. ಯೋಚಿಸಿ ನೋಡಿ: ಆ ನಡುವಿನ ಪುಸ್ತಕವನ್ನು ಐಸಾಕನ ಕಡೆಯಿಂದ ಬರೆಯಲಾಗದಿದ್ದರೆ, ಕ್ಲಾರಾಳ ಅಪ್ಪನ ಕಡೆಯಿಂದ ಬರೆಯಬಹುದಿತ್ತು! ತಲೆ ಬೋಳಿಸಿಕೊಂಡು ಇಗರ್ಜಿಗೆ ಬಂದವನ ಮಗಳು ಇಂಗ್ಲೆಂಡಿಗೆ ಹೋಗಿ ನರ್ಸ್ ಆಗಿ ಬಂದಳು ಅಂದರೆ ಅದರ ಹಿಂದೆ ಎಷ್ಟು ದೊಡ್ಡ ಕಾದಂಬರಿ ಇದೆ! ಅದನ್ನು ಆ ಮನೆಯಲ್ಲಿ ಹುಟ್ಟಿದವರೇ ಬರೆಯಬೇಕು.

ನಿಂತುಹೋಗಿರುವ ನಮ್ಮ ಗೆಳೆಯರಿಗೆ ಹೇಳುವುದು ಇಷ್ಟೆ. ಮೂರನೆಯ ಭಾಗ ಬರುತ್ತಿಲ್ಲ ಅಂದರೆ ನಿಮ್ಮ ಶಕ್ತಿ ಸೊರಗಿತು ಅಂತಲ್ಲ. ಹಾಡು ಬರೆಯಿರಿ, ಬೀದಿನಾಟಕ ಬರೆಯಿರಿ, ಕೈ ಒಣಗಲು ಬಿಡಬೇಡಿ. ಆಮೇಲೆ ಬರೆದಿಟ್ಟ ಹಾಳೆ ತೆಗೆದು ಕೇಳಿಕೊಳ್ಳಿ: ಇಲ್ಲಿ ಯಾರನ್ನು ಪ್ರಶ್ನಿಸಲು ನನ್ನ ನಾಲಿಗೆ ಏಳುತ್ತಿಲ್ಲ? ಯಾರು ಕಥೆಯಿಂದ ಸದ್ದಿಲ್ಲದೆ ಎದ್ದುಹೋದರು? ಮೀಸಲಾತಿಯಲ್ಲಿ ಓದಿ ನೌಕರಿ ಹಿಡಿದು ಕೇರಿಗೆ ಬೆನ್ನು ತಿರುಗಿಸಿದ ನಮ್ಮವನೇ ಇರಬಹುದು. ಮೂವರು ಗಂಡಸರ ಕಥೆಗೆ ಅನ್ನ ಬೇಯಿಸಿ ಹಾಕಿ ಒಂದು ಮಾತೂ ಆಡದೆ ಸತ್ತ ಅವ್ವ ಇರಬಹುದು. ಲೇಖನಿಯನ್ನು ಅವಳ ಕೈಗೆ ಕೊಟ್ಟು ನೋಡಿ.