ಇಪ್ಪತ್ತೊಂದು ದಿನದ ಪಾಠ: ಮರಳಿ ಕಾರು ಕಲಿಯುವವರ ಕಡೆಯಿಂದ

ನಡುವಯಸ್ಸಿನಲ್ಲಿ ಮತ್ತೆ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತುವವರು ಮೂರು ಬಗೆಯವರು. ಹಿಂದೊಮ್ಮೆ ಎಲ್‌ಎಲ್‌ಆರ್ ಮಾಡಿಸಿ, ನಾಲ್ಕಾರು ದಿನ ಕಲಿತು, ಮದುವೆ, ಮಕ್ಕಳು, ವರ್ಗಾವಣೆ ಎಂದು ಅರ್ಧಕ್ಕೇ ಬಿಟ್ಟವರು ಒಂದು ಬಗೆ. ಡಿಎಲ್ ಕೈಗೆ ಬಂದರೂ ಮನೆಯ ಕಾರನ್ನು ಗಂಡನೋ ಮಗನೋ ಓಡಿಸುತ್ತಿದ್ದುದರಿಂದ ರಸ್ತೆಗೆ ಇಳಿಯದೇ ಉಳಿದವರು ಇನ್ನೊಂದು. ವರ್ಷಗಟ್ಟಲೆ ಓಡಿಸಿ, ಅಪಘಾತವಾದ ಮೇಲೋ ಕಾಯಿಲೆ ಬಿದ್ದ ಮೇಲೋ ಧೈರ್ಯ ಕಳೆದುಕೊಂಡವರು ಮೂರನೆಯ ಬಗೆ. ಡ್ರೈವಿಂಗ್ ಸ್ಕೂಲ್ ಈ ಮೂವರಿಗೂ ಕೊಡುವುದು ಹದಿನೆಂಟು ತುಂಬಿದ ಹುಡುಗನಿಗೆ ಕೊಡುವ ಪಾಠವನ್ನೇ. ಆ ಪಾಠ ಇವರಿಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಓಬಳಾಪುರ, ರಾಯದುರ್ಗ, ಮಡಕಶಿರಾ ಸೀಮೆಯಂಥ ಗಡಿನಾಡಿನಲ್ಲಿ ನಿಂತು ನೋಡಿದರೆ ಆ ಪ್ರಶ್ನೆ ಇನ್ನಷ್ಟು ನಿಚ್ಚಳವಾಗುತ್ತದೆ.

ಓಬಳಾಪುರ ಇರುವುದು ಅನಂತಪುರ ಜಿಲ್ಲೆಯ ಡಿ.ಹಿರೇಹಾಳ್ ಮಂಡಲದಲ್ಲಿ, ಬಳ್ಳಾರಿಯ ಮಗ್ಗುಲಲ್ಲಿ. 1953ರಲ್ಲಿ ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದರೆ ಈ ಭಾಗದ ಹಳ್ಳಿಗಳ ಸಂತೆ, ಆಸ್ಪತ್ರೆ, ನೆಂಟಸ್ತಿಕೆಗಳ ದಾರಿ ಬಳ್ಳಾರಿಯ ಕಡೆಗೇ ಉಳಿಯಿತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ತುಮಕೂರು ಜಿಲ್ಲೆಯೊಳಕ್ಕೆ ಚಾಚಿಕೊಂಡಿದೆ. ಪಾವಗಡ, ಮಧುಗಿರಿ, ಶಿರಾ ಅದರ ನೆರೆಯ ತಾಲ್ಲೂಕುಗಳು. ಇಲ್ಲಿ ಕಾರು ಕಲಿಯುವವರಿಗೆ ಯಾವ ರಾಜ್ಯದ ಸ್ಕೂಲಿಗೆ ಹೋಗಬೇಕು ಎಂಬ ಆಯ್ಕೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಆ ಆಯ್ಕೆಯನ್ನು ಸಲೀಸು ಮಾಡಿತು. ವಾಸವಿರುವ ಅಥವಾ ವ್ಯವಹಾರ ಮಾಡುವ ರಾಜ್ಯದಲ್ಲಷ್ಟೇ ಅಲ್ಲ, ಕಲಿಯುವ ಸ್ಕೂಲ್ ಯಾವ ರಾಜ್ಯದಲ್ಲಿದೆಯೋ ಅಲ್ಲಿಯೂ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಲರ್ನರ್ ಲೈಸೆನ್ಸ್ ಇಡೀ ದೇಶಕ್ಕೆ ಅನ್ವಯಿಸುವುದರಿಂದ ಎಲ್ ಬೋರ್ಡ್ ಹಾಕಿಕೊಂಡೇ ಗಡಿ ದಾಟಬಹುದು. ಬಳ್ಳಾರಿಯಲ್ಲೋ ಪಾವಗಡದಲ್ಲೋ ಕನ್ನಡದಲ್ಲೇ ಹೇಳಿಕೊಡುವವರ ಬಳಿ ಕಲಿಯುವುದಕ್ಕೆ ಕಾನೂನಿನ ತಡೆ ಇಲ್ಲ. ವಯಸ್ಸಾದ ಮೇಲೆ ಕಲಿಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಗಾಬರಿಯಾದ ಕ್ಷಣದಲ್ಲಿ ಕಿವಿಗೆ ಬೀಳುವ ಮಾತು ಯೋಚಿಸದೆ ತಿಳಿಯುವಂತಿರಬೇಕು.

ಪಾಠದ ಚೌಕಟ್ಟು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿದೆ. ಎಲ್‌ಎಲ್‌ಆರ್ ಅವಧಿ ಆರು ತಿಂಗಳು. ಅದು ಕೈಗೆ ಬಂದು 30 ದಿನ ಕಳೆಯದೆ ಡ್ರೈವಿಂಗ್ ಟೆಸ್ಟಿಗೆ ಹೋಗುವಂತಿಲ್ಲ. ಸ್ಕೂಲ್ ಸೇರಿದರೆ ಖಾಸಗಿ ವಾಹನದ ತರಬೇತಿ 21 ದಿನಕ್ಕಿಂತ ಕಡಿಮೆ ಇರಬಾರದು, ಸ್ಟೇರಿಂಗ್ ಹಿಡಿದು ಓಡಿಸುವ ಅವಧಿ 10 ಗಂಟೆಗಿಂತ ಕಡಿಮೆ ಆಗಬಾರದು. ಸ್ಕೂಲಿನ ಕಾರಿನಲ್ಲಿ ಮಾಸ್ಟರ್ ಕಡೆಗೂ ಪೆಡಲ್ ಇರಬೇಕು. 31ನೇ ನಿಯಮದಲ್ಲಿರುವ ಪಠ್ಯಕ್ರಮವನ್ನು ಓದಿದರೆ ಗೌರವ ಮೂಡುತ್ತದೆ. ಚಾಲನೆಯ ಸಿದ್ಧಾಂತ, ಸಂಚಾರ ಶಿಕ್ಷಣ, ಚಾಲನಾಭ್ಯಾಸಗಳ ಜೊತೆಗೆ ಪ್ರಥಮ ಚಿಕಿತ್ಸೆಯೂ, ಬೇರೆಯವರೊಂದಿಗೆ ಚಾಲಕ ನಡೆದುಕೊಳ್ಳಬೇಕಾದ ರೀತಿಯೂ ಅದರಲ್ಲಿವೆ. ರಾತ್ರಿ ಚಾಲನೆ, ಏರು ರಸ್ತೆಯ ಚಾಲನೆ, ಮುಂದಾಗುವುದನ್ನು ಊಹಿಸಿ ಗಾಡಿ ಹಿಡಿತದಲ್ಲಿಟ್ಟುಕೊಳ್ಳುವ ಬಗೆ, ತುರ್ತು ಸಂದರ್ಭ, ಮಳೆ ಮತ್ತು ಮಂಜಿನ ರಸ್ತೆ ಎಲ್ಲವನ್ನೂ ಅದು ಹೆಸರಿಸುತ್ತದೆ. ಬರೆದವರಿಗೆ ರಸ್ತೆ ಗೊತ್ತಿತ್ತು.

ಈ ಹೊರೆಯನ್ನು 10 ಗಂಟೆ ಹೊರಲಾರದು. ಇಪ್ಪತ್ತೊಂದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆಯೂ ಸರಿಯಾಗಿ ಬೀಳುವುದಿಲ್ಲ. ಒಂದೇ ಕಾರಿನಲ್ಲಿ ಇಬ್ಬರು ಮೂವರನ್ನು ಕೂರಿಸಿಕೊಂಡು ಹೊರಡುವ ರೂಢಿ ಅದನ್ನೂ ಕಿರಿದು ಮಾಡುತ್ತದೆ. ಬೆಳಗಿನ ಬ್ಯಾಚಿಗೆ ರಾತ್ರಿಯ ಪಾಠ ಸಿಗುವುದೇ ಇಲ್ಲ. ಕೊನೆಗೆ ಉಳಿಯುವುದು ಟೆಸ್ಟಿಗೆ ಬೇಕಾದಷ್ಟು: ಹಾಫ್ ಕ್ಲಚ್‌ನಲ್ಲಿ ಎತ್ತುವುದು, ಮೂರನೇ ಗೇರಿನವರೆಗೆ ಹೋಗುವುದು, ಎಂಟರ ಆಕಾರದಲ್ಲಿ ತಿರುಗಿಸುವುದು, ರಿವರ್ಸ್ ತೆಗೆಯುವುದು. ಜನ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರ ಮುಂದೆ ಇದನ್ನು ಮಾಡಿ ತೋರಿಸಿದರೆ ಕೆಲಸ ಮುಗಿಯಿತು.

ಇದಕ್ಕಿಂತ ದೊಡ್ಡ ಕೊರತೆ ಮಾಸ್ಟರ್‌ನ ಕಾಲಿನಲ್ಲಿದೆ. ಸುರಕ್ಷತೆಗೆಂದು ಕೊಟ್ಟ ಜೋಡಿ ಪೆಡಲ್ ಬಹಳ ಕಡೆ ಕಲಿಸುವ ಉಪಕರಣವಾಗಿಬಿಟ್ಟಿದೆ. ಗಾಡಿ ಆಫ್ ಆಗುವ ಮುನ್ನವೇ ಮಾಸ್ಟರ್ ಕ್ಲಚ್ ಒತ್ತುತ್ತಾರೆ. ಅಡ್ಡ ಬಂದ ದನಕ್ಕೆ ಕಲಿಯುವವರು ಬ್ರೇಕ್ ಹಾಕುವ ಮೊದಲೇ ಗಾಡಿ ನಿಂತಿರುತ್ತದೆ. ಸ್ಟೇರಿಂಗ್ ಹಿಡಿದವರಿಗೆ ತಾವೇ ಓಡಿಸಿದೆವು ಎಂಬ ಸಮಾಧಾನ, ಮಾಸ್ಟರ್‌ಗೆ ಸ್ಕೂಲಿನ ಕ್ಲಚ್ ಪ್ಲೇಟ್ ಉಳಿದ ಸಮಾಧಾನ. ಆದರೆ ಗಾಡಿ ಆಫ್ ಆಗದೆ ಕ್ಲಚ್ ಕಲಿಯಲು ಬರುವುದಿಲ್ಲ. ಕಾಲು ಎಲ್ಲಿ ತಡೆಯಬೇಕು ಎಂಬುದು ಎಂಜಿನ್ ನಡುಗಿದಾಗಲೇ ಗೊತ್ತಾಗುವುದು. ಡಿಎಲ್ ಬಂದು ವರ್ಷಗಳಾದ ಮೇಲೆ ಮನೆಯ ಕಾರಿನಲ್ಲಿ ಒಬ್ಬರೇ ಕುಳಿತವರು ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ ಬೆವರುವುದಕ್ಕೆ ಕಾರಣ ಅವರ ಅಂಜುಬುರುಕುತನವಲ್ಲ. ಆ ಒಂದು ಸೆಕೆಂಡಿನ ಕೆಲಸವನ್ನು ಅವರ ಕಾಲು ಹಿಂದೆಯೂ ಮಾಡಿರಲಿಲ್ಲ. ‘ಕಲಿತದ್ದು ಮರೆತುಹೋಯಿತು’ ಎಂದು ತಮ್ಮನ್ನೇ ಹಳಿದುಕೊಂಡು ಮತ್ತೆ ಸ್ಕೂಲಿಗೆ ಬರುವ ಅನೇಕರು ಮೊದಲ ಸಲ ಕಲಿತೇ ಇರಲಿಲ್ಲ ಎಂಬುದನ್ನು ಯಾರಾದರೂ ಅವರಿಗೆ ಹೇಳಬೇಕು.

ನಿಜವಾಗಿ ಕಲಿತು ಬಿಟ್ಟವರ ವಿಷಯ ಬೇರೆ. ಸೈಕಲ್ ಕಲಿತವರು ಮರೆಯುವುದಿಲ್ಲ ಎಂಬ ಮಾತು ಕಾರಿನ ಅರ್ಧಕ್ಕಷ್ಟೇ ಒಪ್ಪುತ್ತದೆ. ನಿರಂತರ ಚಲನೆಯ ಕೌಶಲಗಳು ದೇಹದಲ್ಲಿ ಬಹುಕಾಲ ಉಳಿಯುತ್ತವೆ. ಹಾಗಾಗಿ ಸ್ಟೇರಿಂಗ್ ಬೇಗ ಕೈಗೆ ಮರಳುತ್ತದೆ. ಒಂದಾದ ಮೇಲೊಂದು ಮಾಡಬೇಕಾದ ಕ್ರಮಗಳು ಬೇಗ ಅಳಿಸುತ್ತವೆ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗೇರ್ ಇಳಿಸಿ, ಆಮೇಲೆ ತಿರುಗಿಸುವ ಸಾಲಿನಲ್ಲಿ ಒಂದು ಕೊಂಡಿ ತಪ್ಪಿರುತ್ತದೆ, ಹೆಚ್ಚಾಗಿ ಕನ್ನಡಿಯದು. ವೇಗದ ಅಂದಾಜು ಇನ್ನೂ ನಾಜೂಕಿನದು. ಎದುರಿನ ಲಾರಿ ಎಷ್ಟು ದೂರದಲ್ಲಿದೆ, ಅದು ಬರುವಷ್ಟರಲ್ಲಿ ಮುಂದಿನ ಟ್ರ್ಯಾಕ್ಟರ್ ದಾಟಲು ಸಮಯವಿದೆಯೇ ಎಂಬ ಲೆಕ್ಕ ರಸ್ತೆಯ ಮೇಲೆ ಪದೇಪದೇ ಮಾಡಿದರೆ ಮಾತ್ರ ಬರುತ್ತದೆ. ಖಾಲಿ ಮೈದಾನದಲ್ಲಿ ಸುತ್ತು ಹಾಕುವುದರಿಂದ ಇದು ಬಾರದು.

ಈ ಸೀಮೆಯ ದೊಡ್ಡವರಲ್ಲಿ ಇನ್ನೊಂದು ಗಳಿಕೆ ಇದೆ, ಡ್ರೈವಿಂಗ್ ಸ್ಕೂಲ್ ಅದನ್ನು ಗಮನಿಸುವುದೇ ಇಲ್ಲ. ಬಹುಪಾಲು ಜನ ವರ್ಷಗಳಿಂದ ಮೊಪೆಡ್, ಸ್ಕೂಟಿ, ಬೈಕ್ ಓಡಿಸುತ್ತಿರುವವರು. ಸಂತೆಯ ದಿನ ಜನ ಹೇಗೆ ಅಡ್ಡ ಬರುತ್ತಾರೆ, ಕುರಿ ಹಿಂಡಿನ ಹಿಂದೆ ನಾಯಿ ಇರುತ್ತದೆ, ಬಸ್ಸು ಎಲ್ಲಿ ಇಂಡಿಕೇಟರ್ ಇಲ್ಲದೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಹದಿನೆಂಟರ ಹುಡುಗನಿಗೆ ಇಲ್ಲದ ಬಂಡವಾಳ ಇದು. ಅದರ ಜೊತೆಗೇ ಕಾರಿಗೆ ಒಗ್ಗದ ಚಾಳಿಗಳೂ ಬಂದಿರುತ್ತವೆ: ಎಡಗಡೆಯಿಂದ ನುಗ್ಗುವುದು, ಸಂದಿ ಕಂಡರೆ ಮೂತಿ ತೂರಿಸುವುದು, ಹಿಂದೆ ನೋಡಲು ಕನ್ನಡಿ ಬಿಟ್ಟು ಕತ್ತು ತಿರುಗಿಸುವುದು. ಕಾರಿನ ಎಡ ಮಗ್ಗುಲು ತಮ್ಮಿಂದ ಎಷ್ಟು ದೂರ ಇದೆ ಎಂಬ ಅಂದಾಜು ಮಾತ್ರ ಅವರಿಗೆ ಹೊಸದು. ಇಂಥವರಿಗೆ ಸಿಗ್ನಲ್ ಚಿಹ್ನೆಗಳ ಪಾಠ ಮೊದಲಿಂದ ಮಾಡುವುದು ಸಮಯ ಹಾಳು. ಎಡ ಮಗ್ಗುಲಿನ ಅಂದಾಜಿಗೆ ಎರಡು ಗಂಟೆ ಕೊಟ್ಟರೂ ಕಡಿಮೆಯೇ.

ಆದ್ದರಿಂದ ಮರಳಿ ಬಂದವರಿಗೆ ಮೊದಲ ದಿನ ಬೇಕಾದದ್ದು ಪರೀಕ್ಷೆ: ಮಾಸ್ಟರ್ ಕಾಲು ಹಿಂದಕ್ಕೆಳೆದುಕೊಂಡು, ವಾಹನ ಕಡಿಮೆ ಇರುವ ರಸ್ತೆಯಲ್ಲಿ ಒಂದು ಗಂಟೆ ಸುಮ್ಮನೆ ನೋಡಬೇಕು. ಏನು ಉಳಿದಿದೆ, ಏನು ಹೋಗಿದೆ, ಏನು ಬಂದೇ ಇರಲಿಲ್ಲ ಎಂದು ಬರೆದಿಟ್ಟುಕೊಂಡು ಪಾಠ ಅಲ್ಲಿಂದ ಶುರುವಾಗಬೇಕು. ಸ್ಕೂಲುಗಳು ಇಡಬೇಕಾದ ದಾಖಲೆಯೇ ಇದಕ್ಕೆ ಒತ್ತಾಸೆ ಕೊಡುವುದಿಲ್ಲ. ಫಾರಂ 15ರ ಪುಸ್ತಕದಲ್ಲಿ ಯಾವ ದಿನ, ಎಷ್ಟರಿಂದ ಎಷ್ಟು ಗಂಟೆಯವರೆಗೆ ಓಡಿಸಿದರು ಎಂದು ಬರೆದು ಸಹಿ ಹಾಕಬೇಕು; ಆ ಹೊತ್ತಿನಲ್ಲಿ ಕಲಿತದ್ದೇನು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಗಂಟೆ ಎಣಿಸುವ ಪುಸ್ತಕ ಗಂಟೆಯ ಪಾಠವನ್ನೇ ಬೆಳೆಸಿತು.

ಬೇರೆ ದೇಶಗಳಲ್ಲಿ ಈ ಕಲಿಯುವವರಿಗೆ ಹೆಸರಿದೆ, ಪಾಠವೂ ಇದೆ. ಜಪಾನಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಗಾಡಿ ಓಡಿಸದವರನ್ನು ‘ಪೇಪರ್ ಡ್ರೈವರ್’ ಎನ್ನುತ್ತಾರೆ. ಅಲ್ಲಿನ ಡ್ರೈವಿಂಗ್ ಸ್ಕೂಲುಗಳು ಅವರಿಗೆಂದೇ ಗಂಟೆಗಳ ಲೆಕ್ಕದಲ್ಲಿ ಪ್ರತ್ಯೇಕ ಪಾಠ ನಡೆಸುತ್ತವೆ. ಹೊಸಬರ ಪಾಠವೂ ಬೇರೆಯೇ: ಜರ್ಮನಿಯಲ್ಲಿ ಅವರು ಊರಾಚೆಯ ರಸ್ತೆಯಲ್ಲಿ 5, ಹೆದ್ದಾರಿಯಲ್ಲಿ 4, ಕತ್ತಲಲ್ಲಿ 3 ಪಾಠಗಳನ್ನು ಮುಗಿಸದೆ ಲೈಸೆನ್ಸ್ ಪಡೆಯುವಂತಿಲ್ಲ. ಭಾರತದ ಕಾಯ್ದೆಯಲ್ಲಿಯೂ ಪುನಶ್ಚೇತನ ತರಬೇತಿಯ ಮಾತು 2019ರ ತಿದ್ದುಪಡಿಯಿಂದ ಬಂದಿದೆ. ಆದರೆ ಅದು ಇರುವುದು ಲೈಸೆನ್ಸ್ ಅಮಾನತಾದವರಿಗೆ ಮತ್ತು ನಿಯಮ ಮುರಿದವರಿಗೆ. ತಪ್ಪು ಮಾಡಿದವರನ್ನು ಕಾನೂನು ಮತ್ತೆ ಪಾಠಕ್ಕೆ ಕಳಿಸುತ್ತದೆ. ತಪ್ಪು ಮಾಡಬಾರದೆಂದು ತಾನಾಗಿ ಪಾಠ ಬಯಸುವವರನ್ನು ಅದು ಕಾಣುವುದಿಲ್ಲ. 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತ ದೇಶದಲ್ಲಿ, ಹತ್ತು ವರ್ಷ ಸ್ಟೇರಿಂಗ್ ಮುಟ್ಟದವರು ಅವಧಿ ಮುಗಿಯದ ಡಿಎಲ್ ಹಿಡಿದು ನಾಳೆ ಬೆಳಿಗ್ಗೆ ಹೆದ್ದಾರಿಗೆ ಇಳಿಯಬಹುದು ಎಂಬುದು ಗಂಭೀರ ಲೋಪ.

2021ರ ಜುಲೈನಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರಗಳ ಯೋಜನೆ ಮಾಮೂಲಿ ಸ್ಕೂಲಿನ ಪಾಠಕ್ಕಿಂತ ಮೇಲು. ಅಲ್ಲಿ ಲಘು ವಾಹನದ ಕೋರ್ಸ್ 29 ಗಂಟೆ, ನಾಲ್ಕು ವಾರದೊಳಗೆ. ಸಿಮ್ಯುಲೇಟರ್ ಮತ್ತು ಟ್ರ್ಯಾಕ್ ಕಡ್ಡಾಯ. ಅಲ್ಲಿ ಪಾಸಾದವರು ಲೈಸೆನ್ಸಿಗಾಗಿ ಮತ್ತೆ ಟೆಸ್ಟ್ ಕೊಡಬೇಕಿಲ್ಲ. ಪುನಶ್ಚೇತನದ ಕೋರ್ಸಿಗೂ ಅವಕಾಶವಿದೆ. ಆದರೆ ಬಯಲು ಸೀಮೆಯಲ್ಲಿ ಇಂಥ ಕೇಂದ್ರಕ್ಕೆ ಎರಡು ಎಕರೆ ಜಾಗ ಬೇಕು, ಬಂಡವಾಳವೂ ದೊಡ್ಡದು. ಎರಡು ಕಾರು ಇಟ್ಟುಕೊಂಡು ನಡೆಸುವ ತಾಲ್ಲೂಕು ಮಟ್ಟದ ಸ್ಕೂಲಿಗೆ ಅದು ಎಟುಕುವ ಮಾತಲ್ಲ.

ಮನೆಯವರೇ ಕಲಿಸುವ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್‌ಎಲ್‌ಆರ್ ಇರುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು, ಗಾಡಿ ನಿಲ್ಲಿಸಲು ಬರುವಂತೆ ಕುಳಿತಿರಬೇಕು ಎನ್ನುತ್ತದೆ ನಿಯಮ. ಮನೆಯ ಕಾರಿನಲ್ಲಿ ಅದಕ್ಕೆ ಸಿಗುವುದು ಹ್ಯಾಂಡ್‌ಬ್ರೇಕ್ ಒಂದೇ. ಗುಂಡಿ ಒತ್ತುವ ಹೊಸ ಕಾರುಗಳಲ್ಲಿ ಅದೂ ಕೈಗೆ ಬೇಗ ಸಿಗದು. ಸ್ಕೂಲಿನಲ್ಲಿ ಕ್ಲಚ್ ಪಳಗಿದ ಮೇಲೆ ಮನೆಯ ಕಾರಿಗೆ ಹೊಂದಿಕೊಳ್ಳಲು ಈ ಪದ್ಧತಿ ಚೆನ್ನ. ಮೊದಲ ಪಾಠಕ್ಕೆ ಸಲ್ಲದು.

ಈ ಸೀಮೆಯ ರಸ್ತೆಗಳನ್ನೇ ಪಠ್ಯವಾಗಿ ಬಳಸದಿರುವುದು ಬೇಸರದ ಸಂಗತಿ. ಬಳ್ಳಾರಿಯಿಂದ ಹಿರಿಯೂರಿನ ಕಡೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಓಬಳಾಪುರದ ಬಳಿ ಆಂಧ್ರವನ್ನು ಹೊಕ್ಕು ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಲ್ಲಿ ಮತ್ತೆ ಕರ್ನಾಟಕ ಸೇರುತ್ತದೆ. ಆ ಅಲ್ಪ ದೂರದಲ್ಲಿ ಲಾರಿಗಳ ಸಾಲಿದೆ, ಚೆಕ್‌ಪೋಸ್ಟಿನಲ್ಲಿ ನಿಂತು ಹೊರಡುವ ಅಭ್ಯಾಸವಿದೆ, ಹೆದ್ದಾರಿಗೆ ಬಂದು ಕೂಡುವ ಹಳ್ಳಿ ದಾರಿಗಳಿವೆ. ರಾಯದುರ್ಗದ ರಸ್ತೆಗೆ ತಿರುಗಿದರೆ ಶೇಂಗಾ ತುಂಬಿದ ಟ್ರ್ಯಾಕ್ಟರ್ ಟ್ರೈಲರುಗಳು, ಸಂಜೆ ಮರಳುವ ದನಕರುಗಳು. ಪುನಃ ಕಲಿಯುವವರಿಗೆ ಬೇಕಾದ ಬಹುಪಾಲು ಪಾಠ ಇಲ್ಲೇ ಇದೆ. ಮೈದಾನದ ಎಂಟರ ಸುತ್ತು ಎರಡು ದಿನಕ್ಕೆ ಸಾಕು. ಉಳಿದ ದಿನಗಳನ್ನು ಇಂಥ ರಸ್ತೆಗೆ, ಅದರಲ್ಲಿ ಕೆಲವನ್ನಾದರೂ ಸೂರ್ಯ ಮುಳುಗಿದ ಮೇಲಿನ ಹೊತ್ತಿಗೆ ಇಡಬೇಕು. ಹಿಂದೆ ದೀಪವಿಲ್ಲದ ಟ್ರೈಲರನ್ನು ಡಿಮ್ ಲೈಟಿನಲ್ಲಿ ಗುರುತಿಸುವುದನ್ನು ಹಗಲಿನಲ್ಲಿ ಕಲಿಸಲಾಗದು.

ಶುಲ್ಕವನ್ನೂ ಗಂಟೆಗೆ ಇಷ್ಟೆಂದು ಒಡೆಯಬೇಕು. ಕರ್ನಾಟಕದಲ್ಲಿ ಕಾರು ತರಬೇತಿಯ ಶುಲ್ಕ 2024ರ ಜನವರಿಯಿಂದ 7,000 ರೂಪಾಯಿಗೆ ಏರಿದೆ, ಅದು ಪೂರ್ತಿ ಕೋರ್ಸಿನದು. ಐದಾರು ಗಂಟೆಯ ಅಭ್ಯಾಸ ಸಾಕಾದ ಶಿಕ್ಷಕಿಯೂ, ಇಪ್ಪತ್ತು ಗಂಟೆ ಬೇಕಾದ ರೈತರೂ ಅದೇ ಚೀಟಿ ಬರೆಸಬೇಕು. ಮೊದಲಿನವರಿಗೆ ದುಡ್ಡು ದಂಡ, ಎರಡನೆಯವರಿಗೆ ಪಾಠ ಅರ್ಧ.

ಡಿಎಲ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ನವೀಕರಣಕ್ಕೆ ಮತ್ತೆ ಟೆಸ್ಟ್ ಕೊಡಲೇಬೇಕು. 40 ದಾಟಿದವರು ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರ ತರಬೇಕು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂದು ಅದು ಕೇಳುತ್ತದೆ. ವಯಸ್ಸಾದಂತೆ ಕಣ್ಣು ಸೋಲುವುದು ಬೇರೆ ಕಡೆ: ಎದುರಿನ ಹೆಡ್‌ಲೈಟ್ ಹೊಡೆದ ಮೇಲೆ ನೋಟ ಮರಳಲು ಹೆಚ್ಚು ಹೊತ್ತು ಬೇಕಾಗುತ್ತದೆ, ಕನ್ನಡಕದ ನಂಬರ್ ಹಳೆಯದಾಗಿದ್ದರೆ ಇನ್ನೂ ಹೆಚ್ಚು. ಈ ವಯಸ್ಸಿನಲ್ಲಿ ಸ್ಕೂಲಿಗೆ ದುಡ್ಡು ಕಟ್ಟುವ ಮುನ್ನ ಕಣ್ಣಿನ ಡಾಕ್ಟರನ್ನು ಕಂಡು ರಾತ್ರಿ ನೋಟವನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅದನ್ನು ಮಾಸ್ಟರ್ ಕೂಡ ಕೇಳಬೇಕು.