ರಾಜಧಾನಿಯ ಮೂರು ದಿಕ್ಕಿನ ನೆಲ

1986ರಲ್ಲಿ ಬೆಂಗಳೂರಿನಿಂದ ಬೇರ್ಪಟ್ಟು ಹುಟ್ಟಿದ ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರವನ್ನು ಬಿಟ್ಟುಕೊಟ್ಟ ಮೇಲೆ ನಾಲ್ಕು ತಾಲ್ಲೂಕುಗಳಿಗೆ ಇಳಿಯಿತು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 9.9 ಲಕ್ಷ. ಪಕ್ಕದ ನಗರ ಜಿಲ್ಲೆಯದು 96 ಲಕ್ಷ!

ಆದರೆ ರಾಜಧಾನಿಗೆ ನೀರು ಕುಡಿಸಿದ್ದರಲ್ಲಿ ಈ ನೆಲದ ಪಾಲು ದೊಡ್ಡದು. ನಂದಿಬೆಟ್ಟದ ಕಡೆಯಿಂದ ಇಳಿವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ ಹೆಸರಘಟ್ಟಕ್ಕೆ ಸಾಗುತ್ತದೆ. ನೆಲಮಂಗಲದ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಸೇರುತ್ತದೆ. ಕಾವೇರಿ ಬರುವ ಮುನ್ನ ನಗರ ನೆಚ್ಚಿಕೊಂಡಿದ್ದು ಇವನ್ನೇ. ಅದೇ ಶಿವಗಂಗೆಯ ಗುಡಿಯಲ್ಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ. ಬೆಟ್ಟ ಹತ್ತಿ ಬಂದವರು ಇದನ್ನು ನೋಡದೆ ಇಳಿಯುವುದಿಲ್ಲ.

ದೇವನಹಳ್ಳಿಯದು ಇನ್ನೊಂದು ಸೊಗಸು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯದ ವಶವಾಯಿತು. ಟಿಪ್ಪು ಹುಟ್ಟಿದ್ದೂ ಇದೇ ಊರಲ್ಲಿ. ಸ್ಮಾರಕವೆಂದು ಕೋಟೆ ಖಾಲಿಯಾಗಿಲ್ಲ. ಗೋಡೆಗಳ ಒಳಗೆ ಇಂದಿಗೂ ಮನೆಗಳಿವೆ, ಗುಡಿಗಳಿವೆ. ಇದೇ ಅದರ ಚೆಲುವು.

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ಸದ್ದು, ಹೊಸಕೋಟೆಯಲ್ಲಿ ದಕ್ಷಿಣ ಪಿನಾಕಿನಿಯ ವಿಶಾಲ ಕೆರೆ ಮತ್ತು ಬೆಳಕು ಹರಿಯುವ ಮುನ್ನವೇ ಸಾಲು ನಿಲ್ಲಿಸುವ ಬಿರಿಯಾನಿ.

2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಜಮೀನಿಗೆ ಬೆಲೆ ಏರಿತು, ಚಕ್ಕೋತದ ತೋಟಗಳು ಕರಗಿದವು. ಭೌಗೋಳಿಕ ಸೂಚಿಕೆ ಪಡೆದ ಹಣ್ಣದು. ವಿಮಾನ ನಿಲ್ದಾಣದ ಹಾದಿಯಲ್ಲಿ ಹೋಗುವವರು ಊರೊಳಗೆ ತಿರುಗಿ, ಕೋಟೆ ನೋಡಿ, ಹಂಗಾಮಿದ್ದರೆ ಒಂದು ಚಕ್ಕೋತ ಕೊಳ್ಳಲಿ.